ಚಿಕ್ಕ ಕ್ರೂಸರ್, ದೊಡ್ಡವರ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ಕೆಲವು ವಾರಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಚಿಕ್ಕ ಕ್ರೂಸರ್ ಬೈಕುಗಳನ್ನು ಕುರಿತವೇ ಹೆಚ್ಚು. ಕ್ರೂಸರ್ ಎಂದರೆ ತಗ್ಗಿನ ಸೀಟಿನ, ಉದ್ದನೆಯ ಮೈಯ, ನೆಟ್ಟಗೆ ಕೂತು ಓಡಿಸುವ ಬೈಕು. ಎಂಜಿನ್ ಹೇಗಿದೆ, ಮೈಲೇಜ್ ಎಷ್ಟು ಎಂದು ಕೇಳಿದವರು ಒಬ್ಬಿಬ್ಬರು. ‘ಜೊತೆಯ ಸವಾರರು ಹೀಗೆನ್ನುತ್ತಾರೆ, ನಿಜವೇ?’ ಎಂದು ಕೇಳಿದವರೇ ಉಳಿದವರೆಲ್ಲ. ಆದ್ದರಿಂದ ಈ ಸಲದ ಪುಟಗಳನ್ನು ಅವರಿಗೇ ಬಿಟ್ಟುಕೊಟ್ಟಿದ್ದೇನೆ. ‘ಚಿಕ್ಕದು’ ಎಂದರೆ ಸುಮಾರು 500 ಸಿಸಿಯ (ಸಿಸಿ ಎಂಬುದು ಎಂಜಿನ್ನಿನ ಗಾತ್ರದ ಅಳತೆ) ಒಳಗಿನದು ಎಂದು ಸದ್ಯಕ್ಕೆ ಇಟ್ಟುಕೊಳ್ಳೋಣ. ಆ ಗೆರೆಯೇ ಆಗಾಗ ಜಾಗ ಬದಲಿಸುತ್ತಿರುತ್ತದೆ ಎಂಬುದು ಮೊದಲ ಉತ್ತರದಲ್ಲೇ ತಿಳಿಯುತ್ತದೆ.

ಪ್ರಶ್ನೆ: ಮೊದಲ ಬೈಕಾಗಿ 250 ಸಿಸಿಯ ಕ್ರೂಸರ್ ಕೊಂಡು ಏಳು ತಿಂಗಳಾಯಿತು. ನನಗೆ ಅದು ಹಿಡಿಸಿದೆ. ಆದರೆ ವಾರದ ಕೊನೆಯಲ್ಲಿ ಜೊತೆಗೆ ಬರುವ ಗೆಳೆಯರು ‘ಇದು ಕಲಿಯುವವರ ಬೈಕು, ಆರು ತಿಂಗಳಿಗೆ ಬೇಸರ ಬರುತ್ತದೆ, ಮೊದಲೇ ದೊಡ್ಡದನ್ನು ತೆಗೆದುಕೊಳ್ಳಬೇಕಿತ್ತು’ ಎನ್ನುತ್ತಾರೆ. ಅದೇ ಗುಂಪಿನಲ್ಲಿ 250 ಸಿಸಿಯ ಸ್ಪೋರ್ಟ್ಸ್ ಬೈಕ್ ಇಟ್ಟುಕೊಂಡವನನ್ನು ಯಾರೂ ಹೀಗೆ ಛೇಡಿಸುವುದಿಲ್ಲ. ಕ್ರೂಸರಿಗೇ ಏಕೆ ಈ ಮಾತು?

ಉತ್ತರ: ‘ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು’ ಎಂಬ ಗಾದೆಯನ್ನು ತಂದು ನಿಮ್ಮನ್ನು ಸಮಾಧಾನಪಡಿಸುವ ಇಚ್ಛೆ ನನಗಿಲ್ಲ, ನಿಮ್ಮ ಕೊನೆಯ ಪ್ರಶ್ನೆ ಅದಕ್ಕಿಂತ ಮೇಲಿನದು. 250 ಸಿಸಿಯ ಸ್ಪೋರ್ಟ್ಸ್ ಬೈಕನ್ನು ಜನ ಅದರ ಹಗುರತನದಿಂದ, ತಿರುವಿನಲ್ಲಿ ಅದು ಬಾಗುವ ಬಗೆಯಿಂದ ಅಳೆಯುತ್ತಾರೆ. ಮಣ್ಣುದಾರಿಯ ಬೈಕುಗಳಲ್ಲಂತೂ 250 ಸಿಸಿ ಎಂಬುದೇ ಒಂದು ಸ್ಪರ್ಧಾ ವರ್ಗ; ಅಲ್ಲಿ ಅದು ಯಾರಿಗೂ ಕೊರತೆಯಾಗಿ ಕಾಣುವುದಿಲ್ಲ. ಕ್ರೂಸರಿನ ಉದ್ದನೆಯ ಮೈ, ತಗ್ಗಿನ ಸೀಟು, ಹನಿಯಾಕಾರದ ಟ್ಯಾಂಕ್, ಸವಾರನ ಕಡೆಗೆ ಬಾಗಿದ ಅಗಲವಾದ ಹ್ಯಾಂಡಲ್, ಮುಂದಕ್ಕೆ ಚಾಚಿದ ಫೋರ್ಕ್ ಎಲ್ಲವೂ ಅಮೆರಿಕದ ದೊಡ್ಡ ವಿ-ಟ್ವಿನ್ (ಎರಡು ಸಿಲಿಂಡರುಗಳು ‘V’ ಆಕಾರದಲ್ಲಿರುವ ಎಂಜಿನ್ನಿನ) ಬೈಕುಗಳಿಂದ ಬಂದ ರೂಪ. ಆ ರೂಪವನ್ನು ಕಂಡ ಕೂಡಲೇ ಕಣ್ಣು ಅದರೊಳಗೆ ದೊಡ್ಡ ಎಂಜಿನನ್ನು ನಿರೀಕ್ಷಿಸುತ್ತದೆ. ಒಳಗೆ ಚಿಕ್ಕದು ಕಂಡರೆ ಅಪ್ಪನ ಕೋಟು ತೊಟ್ಟ ಹುಡುಗನನ್ನು ನೋಡಿದಂತೆ ನಗು ಬರುತ್ತದೆ. ಅದರ ಮೇಲೆ, ಕ್ರೂಸರ್ ಜಗತ್ತಿನಲ್ಲಿ ಎಂಜಿನ್ನಿನ ಅಳತೆಯನ್ನು ಬೈಕಿನ ಹೆಸರಿಗೇ ಅಂಟಿಸುವ ರೂಢಿ ಹಳೆಯದು. 883, 1200 ಎಂಬವು ಅಂಕಿಗಳಾಗಿ ಉಳಿದಿಲ್ಲ, ಬಿರುದುಗಳಾಗಿವೆ.

ಆದರೆ ಆ ಬಿರುದುಗಳ ಬೆಲೆ ಹೇಗೆ ಏರಿಳಿದಿದೆ ನೋಡಿ. ಹಾರ್ಲೆ-ಡೇವಿಡ್ಸನ್ 1957ರಲ್ಲಿ ಸ್ಪೋರ್ಟ್‌ಸ್ಟರ್ ಹೊರತಂದಾಗ ಅದರ ಎಂಜಿನ್ 883 ಸಿಸಿ. ಆಗ ಅದು ಚುರುಕು ಸವಾರರ ಬೈಕು. ಕೆಲವು ದಶಕಗಳ ನಂತರ ಅದೇ 883 ಅನ್ನು ‘ಹೊಸಬರ ಬೈಕು’, ‘ಹೆಂಗಸರ ಬೈಕು’ ಎನ್ನತೊಡಗಿದರು. ಎಂಜಿನ್ ಕುಗ್ಗಿರಲಿಲ್ಲ, ಪಕ್ಕದಲ್ಲಿದ್ದವು ಬೆಳೆದಿದ್ದವು. ಅದೇ ಕಂಪನಿಯ ದೊಡ್ಡ ಎಂಜಿನ್ 2017ರ ಹೊತ್ತಿಗೆ 1746 ಸಿಸಿಯಾಗಿತ್ತು, ಆಮೇಲೆ 1868 ಆಯಿತು. ಹೋಂಡಾ ಸಿಬಿ750 ಬಂದದ್ದು 1969ರಲ್ಲಿ, ಅಳತೆ 736 ಸಿಸಿ, ಆ ಕಾಲದ ಸವಾರರಿಗೆ ಅದು ಸೂಪರ್‌ಬೈಕ್. ಇಂದು ಅಷ್ಟೇ ಸಿಸಿಯ ಕ್ರೂಸರ್ ತಂದರೆ ‘ಪರವಾಗಿಲ್ಲ, ಶುರುವಿಗೆ ಸಾಕು’ ಎನ್ನುವವರಿದ್ದಾರೆ.

ಇನ್ನು ಸಿಸಿ ಒಂದರಿಂದ ಬೈಕಿನ ಬಲ ಗೊತ್ತಾಗುತ್ತದೆಯೇ ಎಂದರೆ, ಅದೂ ಇಲ್ಲ. ಸುಜುಕಿಯ ಹಳೆಯ ಸ್ಯಾವೇಜ್ ಎಂಬ ಒಂಟಿ ಸಿಲಿಂಡರಿನ ಕ್ರೂಸರಿಗೆ 652 ಸಿಸಿ ಇದ್ದರೂ ಶಕ್ತಿ ಸುಮಾರು 30 ಅಶ್ವಶಕ್ತಿ ಮಾತ್ರ. ಕವಾಸಾಕಿಯ 296 ಸಿಸಿಯ ನಿಂಜಾ 300 ಅದನ್ನು ಸುಲಭವಾಗಿ ಮೀರಿಸುತ್ತದೆ. ಯುರೋಪಿನಲ್ಲಿ 2013ರಿಂದ ಜಾರಿಯಲ್ಲಿರುವ ಎ2 ದರ್ಜೆಯ (ಮಧ್ಯಮ ಶಕ್ತಿಯ ಬೈಕುಗಳ) ಪರವಾನಗಿಯನ್ನೇ ನೋಡಿ. ಅದರ ಮಿತಿ 35 ಕಿಲೋವ್ಯಾಟ್ ಶಕ್ತಿ, ಜೊತೆಗೆ ಬೈಕಿನ ಪ್ರತಿ ಕಿಲೋ ತೂಕಕ್ಕೆ 0.2 ಕಿಲೋವ್ಯಾಟ್. ಅದರಲ್ಲಿ ಸಿಸಿಯ ಮಾತೇ ಇಲ್ಲ. ನಿಯಮ ಬರೆದವರು ಬಿಟ್ಟ ಅಳತೆಗೋಲನ್ನು ನಿಮ್ಮ ಗೆಳೆಯರು ಇನ್ನೂ ಹಿಡಿದುಕೊಂಡಿದ್ದಾರೆ.

‘ಕಲಿಯುವವರ ಬೈಕು’ ಎಂಬ ಮಾತಿಗೂ ಒಂದು ಮೂಲವಿದೆ. ಹೋಂಡಾ ರೆಬೆಲ್ 250 ಮಾರುಕಟ್ಟೆಗೆ ಬಂದದ್ದು 1985ರಲ್ಲಿ (ಹೆಸರು 250, ನಿಜವಾದ ಅಳತೆ 234 ಸಿಸಿ). ಅಮೆರಿಕದ ಸವಾರಿ ತರಬೇತಿ ತರಗತಿಗಳು ಅದನ್ನು ದಂಡಿಯಾಗಿ ಕೊಂಡವು. ನೆಲದಿಂದ ಸುಮಾರು 675 ಮಿಲಿಮೀಟರ್ ಎತ್ತರದ ಸೀಟು, 150 ಕಿಲೋದ ಆಸುಪಾಸಿನ ತೂಕ, ಹೆದರಿಸದ ಪಿಕಪ್ ಅದಕ್ಕೆ ಕಾರಣ. ಕ್ಲಚ್ ಎಂದರೇನೆಂದು ತಿಳಿಯದ ನೂರಾರು ಕೈಗಳು ಬೀಳಿಸಿ, ಎತ್ತಿ, ಮತ್ತೆ ಬೀಳಿಸಿದ ಮೇಲೂ ಮರುದಿನ ಬೆಳಿಗ್ಗೆ ಒಂದೇ ಒತ್ತಿಗೆ ಸ್ಟಾರ್ಟ್ ಆಗುವ ಬೈಕನ್ನು ನಾನಾದರೆ ಗೌರವದಿಂದ ಕಾಣುತ್ತೇನೆ. ಜನ ಮಾತ್ರ ಶಾಲೆಯ ಅಂಗಳದಲ್ಲಿ ಕಂಡದ್ದನ್ನು ಶಾಲೆಗಷ್ಟೇ ಲಾಯಕ್ಕು ಎಂದು ತೀರ್ಮಾನಿಸಿಬಿಟ್ಟರು. ಅದೇ ರೆಬೆಲ್ ಹೆಸರಿನಲ್ಲಿ 2021ರಲ್ಲಿ 1100 ಕೂಡ ಬಂದಿದೆ. ಅದನ್ನು ಯಾರೂ ಕಲಿಕೆಯ ಬೈಕು ಎಂದದ್ದನ್ನು ನಾನು ಕೇಳಿಲ್ಲ.

ಆರು ತಿಂಗಳಿಗೆ ಬೇಸರ ಬರುತ್ತದೆಂಬ ಮಾತನ್ನು ಹೇಳುವವರು ಸಾಮಾನ್ಯವಾಗಿ ಬೇಗನೆ ಬೈಕು ಬದಲಿಸಿದವರು. ಹತ್ತು ವರ್ಷ ಅದೇ 250 ಓಡಿಸಿಕೊಂಡು ನೆಮ್ಮದಿಯಾಗಿರುವವರು ಇಂಥ ಚರ್ಚೆಗೆ ಬರುವುದೇ ಇಲ್ಲ, ಹಾಗಾಗಿ ಅವರ ಲೆಕ್ಕ ಯಾರಿಗೂ ಸಿಗುವುದಿಲ್ಲ. ಒಂದು ತಿಂಗಳು ಹೀಗೆ ಮಾಡಿ ನೋಡಿ: ಪ್ರತಿ ಸವಾರಿಯ ನಂತರ ಬೈಕಿನ ಬಗ್ಗೆ ಅನಿಸಿದ ಕೊರತೆಯನ್ನು ಒಂದು ಸಾಲಿನಲ್ಲಿ ಬರೆದಿಡಿ. ‘ಏರಿನಲ್ಲಿ ಲಾರಿಯನ್ನು ದಾಟಲು ಆಗಲಿಲ್ಲ’ ಎಂಬಂಥ ಸಾಲುಗಳು ಮತ್ತೆ ಮತ್ತೆ ಬಂದರೆ ದೊಡ್ಡ ಬೈಕಿನ ವಿಚಾರ ಮಾಡಬಹುದು. ಕೊರತೆ ಕಾಣುವುದು ಗೆಳೆಯರ ಜೊತೆ ಬೈಕು ನಿಲ್ಲಿಸಿ ಇಳಿದಾಗ ಮಾತ್ರ ಎಂದಾದರೆ ಅದು ಬೈಕಿನ ಕೊರತೆಯಲ್ಲ.

ಪ್ರಶ್ನೆ: ನನ್ನ ಎತ್ತರ ಐದು ಅಡಿ ಒಂದು ಅಂಗುಲ. ಯಾವ ಶೋರೂಮಿಗೆ ಹೋದರೂ ನನ್ನನ್ನು ನೇರವಾಗಿ ಚಿಕ್ಕ ಕ್ರೂಸರಿನ ಮುಂದೆ ನಿಲ್ಲಿಸುತ್ತಾರೆ. ಅದನ್ನು ಇಷ್ಟಪಟ್ಟೆನೆಂದರೆ ಸವಾರ ಮಿತ್ರರು ‘ಹೆಂಗಸರ ಬೈಕು ಆರಿಸಿದೆ’ ಎಂದು ನಗುತ್ತಾರೆ. ಗಂಭೀರ ಸವಾರಳೆಂದು ಪರಿಗಣಿಸಬೇಕಾದರೆ ದೊಡ್ಡದನ್ನೇ ಕೊಳ್ಳಬೇಕೇ?

ಉತ್ತರ: ಶೋರೂಮಿನವರೂ ನಿಮ್ಮ ಮಿತ್ರರೂ ನಿಮ್ಮನ್ನು ನೋಡದೆ ಮಾತನಾಡುತ್ತಿದ್ದಾರೆ. ತಗ್ಗಿನ ಸೀಟು ಕ್ರೂಸರಿಗೆ ಬಂದದ್ದು ಹೆಂಗಸರ ಅನುಕೂಲಕ್ಕಲ್ಲ. ಅದು ಆ ಬೈಕಿನ ನಿಲುವಿನ ಭಾಗ. ರೆಬೆಲ್ 500ರ ಸೀಟು 690 ಮಿಲಿಮೀಟರ್ ಎತ್ತರದಲ್ಲಿದೆ ನಿಜ, ಆದರೆ ಅದರ ಎರಡರಷ್ಟು ಭಾರವಿರುವ ದೊಡ್ಡ ಕ್ರೂಸರುಗಳಲ್ಲೂ 700ರ ಒಳಗಿನ ಸೀಟು ಸಾಮಾನ್ಯ. ಮೀಸೆ ತಿರುವುವ ಗಂಡಸರೂ ಕೂರುವುದು ಅದೇ ಎತ್ತರದಲ್ಲಿ. ರಾಯಲ್ ಎನ್‌ಫೀಲ್ಡ್ ಮೀಟಿಯೋರ್ 350 ಚಿಕ್ಕದೆನಿಸಿಕೊಂಡರೂ ಅದರ ಸೀಟು 765 ಮಿಲಿಮೀಟರಿನದು. ಎಂಜಿನ್ ಚಿಕ್ಕದಾದಷ್ಟೂ ಸೀಟು ತಗ್ಗು ಎಂಬ ನಿಯಮವೇನಿಲ್ಲ.

ಹೆಂಗಸರೆಂದರೆ ಚಿಕ್ಕ ಬೈಕು ಎಂಬ ಸಮೀಕರಣ ಎಷ್ಟು ಹೊಸದೆಂದರೆ, 1916ರಲ್ಲೇ ಅಡಲೀನ್ ಮತ್ತು ಅಗಸ್ಟಾ ವ್ಯಾನ್ ಬ್ಯೂರೆನ್ ಎಂಬ ಅಕ್ಕತಂಗಿಯರು ತಲಾ ಒಂದು ಇಂಡಿಯನ್ ಪವರ್‌ಪ್ಲಸ್ ಬೈಕಿನಲ್ಲಿ, ಅಂದರೆ ಸುಮಾರು 1000 ಸಿಸಿಯ ವಿ-ಟ್ವಿನ್‌ನಲ್ಲಿ, ನ್ಯೂಯಾರ್ಕಿನಿಂದ ಅಮೆರಿಕದ ಪಶ್ಚಿಮ ಕರಾವಳಿಯವರೆಗೆ ಹೋಗಿದ್ದರು. ದಾರಿಯಲ್ಲಿ ಪೈಕ್ಸ್ ಪೀಕ್ ಶಿಖರವನ್ನೂ ಹತ್ತಿದರು. ಡಾಂಬರು ಅಪರೂಪವಾಗಿದ್ದ ಕಾಲ ಅದು. ಸೇನೆಯಲ್ಲಿ ಸುದ್ದಿ ಒಯ್ಯುವ ಸವಾರರಾಗಿ ಹೆಂಗಸರೂ ದುಡಿಯಬಲ್ಲರೆಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಅಡಲೀನ್ ಸೇರಲು ಅರ್ಜಿ ಹಾಕಿದಾಗ ಸೇನೆ ಅದನ್ನು ತಿರಸ್ಕರಿಸಿತು. ಖಂಡವನ್ನೇ ದಾಟಿದವರಿಗೆ ಸಿಗದ ಗೌರವ ಎಂಜಿನ್ನಿನ ಅಳತೆಯಿಂದ ನಿಮಗೆ ಸಿಕ್ಕೀತು ಎಂದು ನನಗನ್ನಿಸುವುದಿಲ್ಲ.

ಆರಿಸುವಾಗ ನೋಡಬೇಕಾದದ್ದು ಹೀಗಿದೆ. ಸೀಟಿನ ಮೇಲೆ ಕೂತು ಬೈಕನ್ನು ಸೈಡ್ ಸ್ಟ್ಯಾಂಡಿನಿಂದ ನೆಟ್ಟಗೆ ಎತ್ತಿ. ಆ ಒಂದು ಕ್ಷಣದಲ್ಲಿ ತೊಡೆಗೆ ಬೀಳುವ ಭಾರವೇ ತೂಕದ ಬಗ್ಗೆ ಕರಪತ್ರ ಹೇಳದ್ದನ್ನು ಹೇಳುತ್ತದೆ. ಕೂತಲ್ಲಿಂದಲೇ ಕಾಲಿನಲ್ಲಿ ಹಿಂದಕ್ಕೆ ತಳ್ಳಿ ನೋಡಿ, ಸಾಧ್ಯವಾದರೆ ಸ್ವಲ್ಪ ಏರಿನ ಕಡೆಗೆ. ಆಮೇಲೆ ಹ್ಯಾಂಡಲನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಹೊರಬದಿಯ ಕೈ ಹಿಡಿಯಿಂದ ಜಾರದೆ ಉಳಿಯುತ್ತದೆಯೇ ಗಮನಿಸಿ. ಶೋರೂಮಿನವರು ಮರೆಯುವ ಸಂಗತಿಯೊಂದಿದೆ: ಫುಟ್‌ರೆಸ್ಟ್ ತೀರಾ ಮುಂದಿರುವ ಕ್ರೂಸರುಗಳಲ್ಲಿ ಗಿಡ್ಡಗಿರುವವರು ಬ್ರೇಕಿಗಾಗಿ ಕಾಲನ್ನು ಚಾಚಿ ಚಾಚಿ ಸೊಂಟ ನೋಯಿಸಿಕೊಳ್ಳುತ್ತಾರೆ. ಹಾಗಾಗಿ ನಿಮಗೆ ಕ್ರೂಸರೇ ಸರಿ ಎಂದೂ ನಾನು ಹೇಳಲಾರೆ. ಹಗುರವಾದ ಸಾಮಾನ್ಯ ಬೈಕಿನಲ್ಲಿ ಒಂದೇ ಪಾದ ನೆಲಕ್ಕೆ ಪೂರ್ತಿ ಊರಿದರೂ ಸಾಲುತ್ತದೆ. ಅದನ್ನೂ ಹತ್ತಿ ಇಳಿದು, ಆಮೇಲೆ ತೀರ್ಮಾನಿಸಿ.

ಪ್ರಶ್ನೆ: ನನ್ನದು ಇದಕ್ಕೆ ತದ್ವಿರುದ್ಧ ಸಮಸ್ಯೆ. ಆರಡಿ ಎರಡು ಅಂಗುಲ ಎತ್ತರ, ತೂಕ 98 ಕಿಲೋ. ಚಿಕ್ಕ ಕ್ರೂಸರಿನ ಮೇಲೆ ಕೂತರೆ ‘ಸರ್ಕಸ್ ಕರಡಿ ಸೈಕಲ್ ಹತ್ತಿದಂತಿದೆ’ ಎನ್ನುತ್ತಾರೆ.

ಉತ್ತರ: ಕರಡಿಗೆ ಸೈಕಲ್ ಹಿಡಿತದಲ್ಲಿರುತ್ತದೆ ಎಂಬುದನ್ನು ಅವರಿಗೆ ನೆನಪಿಸಿ. ನೋಟದ ಮಾತು ಹಾಗಿರಲಿ, ಮೊಣಕಾಲು ಹ್ಯಾಂಡಲಿಗೆ ತಾಗುತ್ತಿದ್ದರೆ ಅದು ಸುರಕ್ಷತೆಯ ವಿಷಯ. ಆಗ ಸೀಟನ್ನೋ ಫುಟ್‌ರೆಸ್ಟನ್ನೋ ಬದಲಿಸಬೇಕು, ಇಲ್ಲವೇ ಬೇರೆ ಬೈಕು ನೋಡಬೇಕು. ಹಿಂದಿನ ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಬಿಗಿತವನ್ನು ನಿಮ್ಮ ತೂಕಕ್ಕೆ ಏರಿಸಿಕೊಳ್ಳಿ, ಹೆಚ್ಚಿನ ಬೈಕುಗಳಲ್ಲಿ ಅದಕ್ಕೆ ಮೆಟ್ಟಿಲು ಮೆಟ್ಟಿಲಾದ ಹೊಂದಾಣಿಕೆ ಇರುತ್ತದೆ. ಕೈಪಿಡಿಯಲ್ಲಿ ಬರೆದಿರುವ ಗರಿಷ್ಠ ಭಾರವನ್ನು ಸಾಮಾನಿನ ಚೀಲವನ್ನೂ ಸೇರಿಸಿ ಲೆಕ್ಕ ಹಾಕಿ.

ಪ್ರಶ್ನೆ: ಚಿಕ್ಕ ಕ್ರೂಸರಿಗೆ ತೆರೆದ ಸೈಲೆನ್ಸರ್ ಹಾಕಿಸಿದರೆ ದೊಡ್ಡ ಬೈಕಿನ ಶಬ್ದ ಬರುತ್ತದೆಯೇ? ಶಬ್ದ ಜೋರಾಗಿದ್ದರೆ ಅಪಘಾತವೂ ತಪ್ಪುತ್ತದೆ ಎನ್ನುತ್ತಾರಲ್ಲ?

ಉತ್ತರ: ಜೋರಾದ ಶಬ್ದ ಬರುತ್ತದೆ, ದೊಡ್ಡ ಬೈಕಿನ ಶಬ್ದ ಬರುವುದಿಲ್ಲ. ಹಾರ್ಲೆಯ ಕುಂಟುಗತಿಯ ಆ ಲಯ ಸೈಲೆನ್ಸರಿನಿಂದ ಹುಟ್ಟಿದ್ದಲ್ಲ. ಅದರ ಎರಡು ಸಿಲಿಂಡರುಗಳು 45 ಡಿಗ್ರಿ ಕೋನದಲ್ಲಿದ್ದು ಕ್ರ್ಯಾಂಕಿನ (ಪಿಸ್ಟನ್‌ಗಳು ತಿರುಗಿಸುವ ದಂಡದ) ಒಂದೇ ಪಿನ್ನಿಗೆ ಜೋಡಿಸಲ್ಪಟ್ಟಿರುವುದರಿಂದ ಒಂದು ಸ್ಫೋಟವಾದ ಮೇಲೆ ಮುಂದಿನದು ಆ ದಂಡ 315 ಡಿಗ್ರಿ ತಿರುಗಿದಾಗ, ಅದರ ಮುಂದಿನದು ಮತ್ತೆ 405 ಡಿಗ್ರಿ ತಿರುಗಿದಾಗ ಆಗುತ್ತದೆ. ಹಳೆಯ ರೆಬೆಲ್ 250ರಲ್ಲಿ ಎರಡೂ ಪಿಸ್ಟನ್‌ಗಳು ಒಟ್ಟಿಗೇ ಏರಿಳಿದು ಪ್ರತಿ 360 ಡಿಗ್ರಿಗೆ ಸರಿಯಾಗಿ ಒಂದೊಂದು ಸ್ಫೋಟ ನಡೆಯುತ್ತದೆ. ಹೊಲಿಗೆ ಯಂತ್ರದಂಥ ಸಮಗತಿ ಅದು. ಎಂಥ ಕೊಳವೆ ಹಾಕಿದರೂ ಆ ಲೆಕ್ಕ ಬದಲಾಗುವುದಿಲ್ಲ. ಈ ಚಿಕ್ಕ ವರ್ಗದಲ್ಲಿ ನಿಜವಾದ ವಿ-ಟ್ವಿನ್ ಲಯ ಬೇಕೆಂದರೆ 1988ರಲ್ಲಿ ಬಂದ ಯಮಾಹಾ ವಿರಾಗೋ 250ರಂಥದ್ದನ್ನು ಹುಡುಕಬೇಕು. ಕೆಲವೆಡೆ ತೆರೆದ ಸೈಲೆನ್ಸರಿಗೆ ದಂಡವೂ ಇದೆ.

ಅಪಘಾತದ ಮಾತಿಗೆ ಬಂದರೆ, ಲಾಸ್ ಏಂಜಲೀಸ್ ಸುತ್ತಮುತ್ತಲ ಬೈಕ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ಪ್ರಕಟವಾದ ಹರ್ಟ್ ವರದಿ ಕಂಡುಕೊಂಡದ್ದು ಬೇರೆಯೇ: ಅಪಾಯ ತಂದ ವಾಹನ ಅಥವಾ ವಸ್ತು ನಾಲ್ಕರಲ್ಲಿ ಮೂರಕ್ಕೂ ಹೆಚ್ಚು ಸಲ ಸವಾರನ ನೇರ ಮುಂದಿನಿಂದ ಎಡಬಲಕ್ಕೆ 45 ಡಿಗ್ರಿಯ ಒಳಗೇ ಇತ್ತು. ಸೈಲೆನ್ಸರಿನ ಬಾಯಿ ಹಿಂದಕ್ಕಿದೆ. ಆ ಹಣದಲ್ಲಿ ದೂರದಿಂದ ಕಾಣುವ ಬಣ್ಣದ ಜಾಕೆಟ್ ಕೊಳ್ಳಿ.

ಪ್ರಶ್ನೆ: 350 ಸಿಸಿಯ ಕ್ರೂಸರಿನಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ದೂರದೂರಿಗೆ ಹೋಗುವ ಆಸೆ. ‘ಅದರಿಂದಾಗದು’ ಎನ್ನುವವರೇ ಎಲ್ಲರೂ. ಇದೂ ಬರಿಯ ಪೂರ್ವಗ್ರಹವೇ?

ಉತ್ತರ: ಪೂರ್ತಿಯಾಗಿ ಅಲ್ಲ. ಚಿಕ್ಕ ಕ್ರೂಸರನ್ನು ಮೆಚ್ಚುವ ನಮ್ಮಂಥವರು ಸುಲಭವಾಗಿ ಹಾರಿಸಿಬಿಡುವ ಪುಟ ಇದು, ಆದ್ದರಿಂದ ನಿಧಾನವಾಗಿ ಓದೋಣ. ಗಾಳಿಯ ಅಡ್ಡಿ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ; ಅದನ್ನು ಸೀಳಿಕೊಂಡು ಹೋಗಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ. ಅಂದರೆ ಗಂಟೆಗೆ 80 ಕಿಲೋಮೀಟರಿನಿಂದ 100ಕ್ಕೆ ಏರಿದರೆ ವೇಗ ಹೆಚ್ಚುವುದು ಕಾಲು ಭಾಗ, ಗಾಳಿಗೆ ತೆರಬೇಕಾದ ಶಕ್ತಿ ಮಾತ್ರ ಹೆಚ್ಚುಕಡಿಮೆ ಇಮ್ಮಡಿ. ಕ್ರೂಸರಿನಲ್ಲಿ ಸವಾರ ನೆಟ್ಟಗೆ ಕೂತು, ತೋಳು ಅಗಲಿಸಿ, ಎದೆಯನ್ನೇ ಹಾಯಿಯಂತೆ ಒಡ್ಡಿರುತ್ತಾನೆ. ಮೀಟಿಯೋರ್ 350ರ ಎಂಜಿನ್ ಕೊಡುವುದು ಸುಮಾರು 20 ಅಶ್ವಶಕ್ತಿ, ಬೈಕಿನ ತೂಕವೇ 191 ಕಿಲೋ. ಇಬ್ಬರು ಕೂತು, ಚೀಲ ಕಟ್ಟಿ, ಎದುರುಗಾಳಿಯಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ತಿರುಗಿಸಲು ಇನ್ನು ಜಾಗವೇ ಉಳಿಯದ ಸ್ಥಿತಿ ಬರುತ್ತದೆ. ನಿಮ್ಮವರು ಹೆದರುತ್ತಿರುವುದು ಇದಕ್ಕಾದರೆ ಅವರ ಹೆದರಿಕೆ ಸರಿ.

ಆದರೆ ‘ಅದರಿಂದಾಗದು’ ಎಂಬ ಮಾತು ಇಲ್ಲಿಗೆ ನಿಲ್ಲಬೇಕು. ಸದಾ 120ರಲ್ಲಿ ಹರಿಯುವ ವಾಹನಗಳ ನಡುವೆ ಅದು ನಿಮ್ಮ ಬೈಕಲ್ಲ. 80ರಿಂದ 90ರಲ್ಲಿ ಸಾಗುವ ಎರಡು ಪಥದ ರಸ್ತೆಯಲ್ಲಿ ಅದು ದಿನವಿಡೀ ದಣಿಯದೆ ಓಡುತ್ತದೆ. ಅಲ್ಲಿ ಕಲಿಯಬೇಕಾದದ್ದು ಓವರ್‌ಟೇಕ್ ಒಂದನ್ನೇ. ಮುಂದಿನ ಲಾರಿಯ ಬಾಲಕ್ಕೆ ಅಂಟಿಕೊಂಡು, ಸಂದು ಕಂಡ ಮೇಲೆ ಆಕ್ಸಿಲರೇಟರ್ ತಿರುಗಿಸುವುದು ದೊಡ್ಡ ಎಂಜಿನ್ನಿನವರ ಚಾಳಿ. ಚಿಕ್ಕ ಎಂಜಿನ್ನಿನವರು ಹಿಂದೆಯೇ ಅಂತರ ಬಿಟ್ಟು, ರಸ್ತೆಯನ್ನು ದೂರದವರೆಗೆ ನೋಡಿ, ಒಂದು ಗೇರ್ ಇಳಿಸಿ, ವೇಗ ಕೂಡಿಸಿಕೊಂಡೇ ಹೊರಬರಬೇಕು. ಅನುಮಾನ ಬಂದರೆ ಹಿಂದೆಯೇ ಉಳಿಯಿರಿ. ಇನ್ನು ನಿಮ್ಮ ಪತ್ನಿಯವರನ್ನು ಹಿಂದಿನ ಸೀಟಿನಲ್ಲಿ ಮೊದಲು ಒಂದು ಗಂಟೆ ಕೂರಿಸಿ, ಇಳಿದ ಮೇಲೆ ಅವರ ಅಭಿಪ್ರಾಯ ಕೇಳಿ. ಬಹಳಷ್ಟು ಚಿಕ್ಕ ಕ್ರೂಸರುಗಳ ಹಿಂದಿನ ಸೀಟು ಅಂಗೈಯಗಲದ್ದು, ಪ್ರವಾಸ ಮೊಟಕಾಗುವುದು ಎಂಜಿನ್ನಿಗಿಂತ ಹೆಚ್ಚಾಗಿ ಅದರಿಂದಲೇ.

ಪ್ರಶ್ನೆ: ನಮ್ಮದು ದೊಡ್ಡ ಕ್ರೂಸರುಗಳ ಗುಂಪು. ಇಬ್ಬರು 300 ಸಿಸಿಯವರು ಸೇರಲು ಕೇಳುತ್ತಿದ್ದಾರೆ. ‘ಅವರಿಂದ ನಮ್ಮ ವೇಗ ಕೆಡುತ್ತದೆ’ ಎಂದು ಕೆಲವರ ತಕರಾರು. ಮುಂದಾಳಾಗಿ ನಾನೇನು ಮಾಡಲಿ?

ಉತ್ತರ: ಅವರನ್ನು ಸಾಲಿನ ಬಾಲದಲ್ಲಿ ಹಾಕಿದರೆ ತಕರಾರು ನಿಜವಾಗುತ್ತದೆ. ಮುಂದಿನವನು ಕೊಂಚ ವೇಗ ಹೆಚ್ಚಿಸಿದರೆ ಸಾಲು ರಬ್ಬರಿನಂತೆ ಹಿಗ್ಗಿ, ಕಟ್ಟಕಡೆಯವನು ಅಂತರ ತುಂಬಲು ಎಲ್ಲರಿಗಿಂತ ಜೋರಾಗಿ ಓಡಬೇಕಾಗುತ್ತದೆ. ಆ ಜಾಗದಲ್ಲಿ ಎಲ್ಲರಿಗಿಂತ ಚಿಕ್ಕ ಎಂಜಿನ್ ಇಡುವುದು ಅನ್ಯಾಯ. ನಿಮ್ಮ ಬೆನ್ನ ಹಿಂದೆಯೇ ಅವರನ್ನಿಡಿ, ನಿಮ್ಮ ಕನ್ನಡಿಯಲ್ಲಿ ಅವರು ಕಾಣುತ್ತಿರಲಿ. ಸಾಲು ಎಡಬಲವಾಗಿ ಹೆಣೆದಂತಿರಲಿ, ಓರೆಯಲ್ಲಿರುವ ಮುಂದಿನವನಿಂದ ಒಂದು ಸೆಕೆಂಡು, ನೇರ ಮುಂದಿರುವವನಿಂದ ಎರಡು ಸೆಕೆಂಡಿನ ಅಂತರ. ಇಷ್ಟಾದ ಮೇಲೂ ವೇಗ ಸಾಲದೆನ್ನುವವರಿಗೆ ಮುಂದಿನ ನಿಲುಗಡೆಯ ಹೆಸರು ಹೇಳಿ ಮುಂದೆ ಕಳುಹಿಸಿ.

ತಕರಾರು ಮಾಡುವವರ ಸಾಲಿನಲ್ಲಿ ಒಂದು ಕಾಲಕ್ಕೆ ನಾನೂ ಇದ್ದೆ. ಆಗ ನನ್ನದು 300 ಕಿಲೋ ದಾಟಿದ ಕ್ರೂಸರ್, ಗುಂಪಿನಲ್ಲಿದ್ದ ಒಂದೇ ಒಂದು 250ರ ಸವಾರನನ್ನು ನಾನು ‘ಮರಿ’ ಎಂದು ಕರೆಯುತ್ತಿದ್ದೆ. ದಾರಿ ತಪ್ಪಿ ಇಳಿಜಾರಿನ ಜಲ್ಲಿರಸ್ತೆಯೊಂದರಲ್ಲಿ ಬೈಕುಗಳನ್ನು ತಿರುಗಿಸಬೇಕಾಯಿತು. ಹ್ಯಾಂಡಲ್ ಪೂರ್ತಿ ಹೊರಳಿರುವಾಗ ಮುಂದಿನ ಬ್ರೇಕ್ ಮುಟ್ಟಬಾರದು ಎಂದು ಇದೇ ಅಂಕಣದಲ್ಲಿ ಬರೆದಿದ್ದ ನಾನು ಅದನ್ನೇ ಮುಟ್ಟಿದೆ. ಬೈಕು ನಿಧಾನವಾಗಿ, ತಡೆಯಲು ನನಗೆ ಬೇಕಾದಷ್ಟು ಸಮಯ ಕೊಟ್ಟು, ನನ್ನಿಂದಾಗದೆ ಮಲಗಿತು. ಟ್ಯಾಂಕಿನ ಮುಚ್ಚಳದ ಅಂಚಿನಿಂದ ಪೆಟ್ರೋಲ್ ಹನಿಹನಿಯಾಗಿ ಜಲ್ಲಿಗೆ ಇಳಿಯುತ್ತಿತ್ತು, ಗೇರ್ ಲಿವರ್ ಒಳಕ್ಕೆ ಬಾಗಿತ್ತು. ಅಷ್ಟರಲ್ಲಿ ಆ ಹುಡುಗ ಎರಡು ಬಾರಿ ಕಾಲೊತ್ತಿ ತನ್ನದನ್ನು ತಿರುಗಿಸಿ ನಿಲ್ಲಿಸಿ ಬಂದಿದ್ದ. ಎದುರಿನಿಂದ ಎತ್ತಲು ಒದ್ದಾಡುತ್ತಿದ್ದ ನನ್ನನ್ನು ಸರಿಸಿ, ಸೀಟಿಗೆ ಬೆನ್ನು ಕೊಟ್ಟು ಕೂತು, ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆಹೆಜ್ಜೆಯಾಗಿ ತಳ್ಳುತ್ತ ಎತ್ತುವುದನ್ನು ತೋರಿಸಿಕೊಟ್ಟ. ಅಂದಿನಿಂದ ಅವನನ್ನು ಹೆಸರು ಹಿಡಿದೇ ಕರೆಯುತ್ತಿದ್ದೇನೆ.

ಪ್ರಶ್ನೆ: ಎದುರಿನಿಂದ ಬರುವ ದೊಡ್ಡ ಕ್ರೂಸರಿನವರಿಗೆ ನಾನು ಕೈ ಎತ್ತಿದರೂ ಅವರು ಎತ್ತುವುದಿಲ್ಲ. ನನ್ನ ಬೈಕು ಚಿಕ್ಕದೆಂದೇ?

ಉತ್ತರ: ಕೆಲವರು ಅದಕ್ಕೇ ಎತ್ತದಿರಬಹುದು, ಅಂಥವರನ್ನು ನಾನೂ ಕಂಡಿದ್ದೇನೆ. ಆದರೆ ತೀರ್ಪು ಕೊಡುವ ಮೊದಲು ರಸ್ತೆಯ ಯಾವ ಬದಿಯಲ್ಲಿ ಸಂಚಾರವಿದೆ ನೋಡಿ. ಬಲಬದಿಯ ಸಂಚಾರವಿರುವಲ್ಲಿ ಎದುರಿನವರ ಕಡೆಗಿರುವುದು ಕ್ಲಚ್ಚಿನ ಕೈ, ಅದನ್ನು ಸಲೀಸಾಗಿ ಬಿಡಬಹುದು. ಎಡಬದಿಯ ಸಂಚಾರದಲ್ಲಿ ಆ ಕಡೆಗಿರುವುದು ಬಲಗೈ, ಆಕ್ಸಿಲರೇಟರ್ ಮತ್ತು ಮುಂದಿನ ಬ್ರೇಕ್ ಎರಡೂ ಅದರ ವಶದಲ್ಲಿರುತ್ತವೆ. ಅದಕ್ಕೇ ಅಲ್ಲಿನ ಸವಾರರು ಕೈ ಎತ್ತುವ ಬದಲು ತಲೆಯನ್ನು ಕೊಂಚ ಬಾಗಿಸುತ್ತಾರೆ. ಕಪ್ಪು ಗಾಜಿನ ಹೆಲ್ಮೆಟ್ಟಿನಲ್ಲಿ ಅದು ನಿಮಗೆ ಕಾಣದೆ ಹೋಗಿರಬಹುದು.